ಹಂಚಿನ ಕಾರ್ಖಾನೆಯಲ್ಲಿ ಪರೋಪಕಾರ: ಬಾಸೆಲ್ ಮಿಷನ್ನಿನ ಒಂದು ಪ್ರಯೋಗ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿಗೆ, ಕಷ್ಟದಲ್ಲಿರುವವರಿಗೆ ನೆರವಾಗಬೇಕೆಂಬ ಕ್ರೈಸ್ತ ಕರ್ತವ್ಯ ಬಹುಬೇಗ ಅನ್ನದ ಪ್ರಶ್ನೆಯಾಗಿ ಎದುರಾಯಿತು. ದೀಕ್ಷಾಸ್ನಾನ ಪಡೆದವರನ್ನು ಜಾತಿ ಹೊರಗಿಟ್ಟಿತು. ಮನೆ, ಆಸ್ತಿ ಕೈತಪ್ಪಿದವು. ಬಿಲ್ಲವರಿಗೆ ಇನ್ನೊಂದು ಸಂಕಟ: ಶೇಂದಿ ಇಳಿಸುವ ಮೂರ್ತೆ ಕಸುಬನ್ನು ಕ್ರೈಸ್ತ ಸಭೆಯೇ ಒಪ್ಪುತ್ತಿರಲಿಲ್ಲ. ಕಸುಬು ಬಿಡಿಸಿದವರೇ ಬೇರೆ ಕಸುಬಿಗೆ ದಾರಿ ಮಾಡಿಕೊಡಬೇಕಿತ್ತು.

ಕೂತಲ್ಲಿಗೆ ಅಕ್ಕಿ ಅಳೆದುಕೊಟ್ಟಿದ್ದರೆ ಮಿಷನ್ನಿನ ಹೊಣೆ ಹಗುರವಾಗುತ್ತಿತ್ತು. ಅದು ಹಿಡಿದದ್ದು ಕಷ್ಟದ ಹಾದಿ. 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟ ಶುರುವಾಯಿತು. 1851ರಲ್ಲಿ ಬಂದ ಜಾನ್ ಹ್ಯಾಲರ್ ನೇಯ್ಗೆಯನ್ನು ನೆಲೆಗೊಳಿಸಿದರು. ಖಾಕಿ ಬಣ್ಣದ ಬಟ್ಟೆಯ ಜೊತೆ ಇವತ್ತಿಗೂ ಅವರ ಹೆಸರು ಕೇಳಿಬರುತ್ತದೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹೊಳೆಬದಿಯ ಆವೆಮಣ್ಣನ್ನು ಹದ ಮಾಡಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಭಟ್ಟಿಯಲ್ಲಿ ಸುಡುವ ಈ ಕೆಲಸದಲ್ಲಿ ಅಕ್ಷರ ಬಾರದವರಿಗೂ ಜಾಗವಿತ್ತು. ಹಂಚು ಮಳೆ ತಡೆಯಿತು, ಪೇಟೆಯಲ್ಲಿ ಮಾರಾಟವಾಯಿತು. ಕೂಲಿ ಪಡೆದವರು ಯಾರ ಮುಂದೆಯೂ ಕೈಚಾಚಬೇಕಿರಲಿಲ್ಲ. ಈ ಪ್ರಯೋಗದ ದೊಡ್ಡ ಗುಣ ಇದು. ದಾನದ ಎಷ್ಟೋ ಪದ್ಧತಿಗಳು ಇಷ್ಟು ದೂರ ಬಂದದ್ದಿಲ್ಲ.

ಆದರೆ ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಸಮಾರ್ಯದವನ ಕಥೆಯ ಮುಂದೆ ಇದನ್ನು ಇಟ್ಟು ನೋಡಿದರೆ ಕೊರತೆ ಎದ್ದು ಕಾಣುತ್ತದೆ. ಯೆರಿಕೋವಿನ ದಾರಿಯಲ್ಲಿ ಬಿದ್ದವನನ್ನು ಯಾಜಕನೂ ಲೇವಿಯನೂ ದಾಟಿಹೋದರು. ಯೆಹೂದ್ಯರು ಹತ್ತಿರ ಸೇರಿಸದ ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ, ಅಲ್ಲಿಯವನ ಕೈಗೆ ಎರಡು ನಾಣ್ಯ ಕೊಟ್ಟು ಮಿಕ್ಕದ್ದನ್ನು ಮರಳಿ ಬಂದಾಗ ಕೊಡುವೆನೆಂದು ಹೊರಟ. ಗಾಯಾಳುವಿನ ನಂಬಿಕೆಯನ್ನು ಅವನು ವಿಚಾರಿಸಲೇ ಇಲ್ಲ, ಪ್ರತಿಯಾಗಿ ಏನನ್ನೂ ಬಯಸಲಿಲ್ಲ. ಮಿಷನ್ನಿನ ಕೆಲಸ ಮೊದಲು ಹುಟ್ಟಿದ್ದು ಸಭೆಗೆ ಸೇರಿದವರಿಗಾಗಿ. ಇತರರು ಸೇರಿದ್ದು ಆಮೇಲೆ. ಇದಕ್ಕೆ ಶಾಸ್ತ್ರದ ಆಧಾರವೇ ಇಲ್ಲವೆನ್ನಲಾಗದು: ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ಎಲ್ಲರಿಗೂ, ಅದರಲ್ಲೂ ಒಂದೇ ನಂಬಿಕೆಯ ಮನೆಯವರಿಗೆ, ಒಳಿತು ಮಾಡಿರೆಂದು ಹೇಳುತ್ತಾನೆ. ಆದರೆ ಅಲ್ಲಿ ಮೊದಲು ಬರುವುದು ಎಲ್ಲರೂ.

ಇನ್ನೂ ಗಂಭೀರವಾದ ತೊಡಕು ಅಧಿಕಾರದ್ದು. ಕೂಲಿ ಕೊಡುವುದೂ ನಡತೆಯ ಲೆಕ್ಕ ಕೇಳುವುದೂ ಒಂದೇ ಮಿಷನ್. ಭಾನುವಾರ ಸಭೆಯ ಶಿಸ್ತಿಗೆ ಒಳಪಟ್ಟವನು ಸೋಮವಾರ ಅದೇ ಮಿಷನ್ನಿನ ಕಾರ್ಖಾನೆಯ ಬಾಗಿಲಿಗೆ ಬರಬೇಕಿತ್ತು. ಅಂಥವನಿಗೆ ಮುಕ್ತವಾಗಿ ಎದುರಾಡುವ ಧೈರ್ಯ ಎಲ್ಲಿಂದ ಬರಬೇಕು? ನೆರವು ಪಡೆದವನಿಗೆ ಬೇಡವೆನ್ನುವ ಸ್ವಾತಂತ್ರ್ಯವೂ ಉಳಿಯಬೇಕು.

ಒಡೆತನದ ಮಾತಂತೂ ಕಾರ್ಮಿಕರವರೆಗೆ ಬರಲೇ ಇಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಅದರ ಉದ್ಯಮಗಳನ್ನು ವಶಪಡಿಸಿಕೊಂಡಿತು; ಅವು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಹೋದವು. ಭಟ್ಟಿಯ ಬಿಸಿಯಲ್ಲಿ ದುಡಿದ ಕುಟುಂಬಗಳನ್ನು ಆ ವರ್ಗಾವಣೆಯಲ್ಲಿ ಪಾಲುದಾರರೆಂದು ಯಾರೂ ಎಣಿಸಲಿಲ್ಲ.