ಚಿನ್ನದ ಕಣಕ್ಕೆ ಬೋರ್‌ವೆಲ್ ನೀರಿನ ಪರೀಕ್ಷೆ

ಹದಿಮೂರು ನ್ಯಾನೊಮೀಟರ್ ಗಾತ್ರದ ಚಿನ್ನದ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿದ್ದರೆ ದ್ರಾವಣ ದಾಳಿಂಬೆ ರಸದಷ್ಟು ಕೆಂಪು. ಅವೇ ಒಂದಕ್ಕೊಂದು ಅಂಟಿಕೊಂಡರೆ ನೇರಳೆ, ನೀಲಿ. ವಿಷವಸ್ತು ಸಿಕ್ಕಾಗ ಮಾತ್ರ ಅಂಟುವಂತೆಯೋ ಬಿಡುವಂತೆಯೋ ಕಣಗಳ ಮೈಗೆ ಡಿಎನ್‌ಎ ಅಥವಾ ಪ್ರತಿಕಾಯ ತೊಡಿಸಿದರೆ ಬಯೋಸೆನ್ಸರ್ ಸಿದ್ಧ. ಬರಿಗಣ್ಣೇ ಉಪಕರಣ. ಉಪಾಯ ನಿಜಕ್ಕೂ ಸೊಗಸಾದದ್ದು. ನನ್ನ ತಕರಾರು ಅದನ್ನು ಹೊಗಳುವ ರೀತಿಯ ಮೇಲೆ.

2007ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಚಾಡ್ ಮಿರ್ಕಿನ್ ತಂಡ ಪಾದರಸ ಪತ್ತೆಗೆ ಇಂಥ ವಿಧಾನವನ್ನು ಪ್ರಕಟಿಸಿತು. ಡಿಎನ್‌ಎಯ ಎರಡು ಥೈಮಿನ್‌ಗಳ ನಡುವೆ ಪಾದರಸ ಕೊಂಡಿಯಾಗುತ್ತದೆ. ಕೊಂಡಿ ಹೆಚ್ಚಿದಷ್ಟೂ ಕಣಗಳ ಗುಂಪನ್ನು ಬಿಡಿಸಲು ಹೆಚ್ಚು ಬಿಸಿ ಬೇಕು. ಆ ವಿಧಾನ ಪತ್ತೆ ಮಾಡುತ್ತಿದ್ದ ಕನಿಷ್ಠ ಪ್ರಮಾಣ ಲೀಟರಿಗೆ ಸುಮಾರು 20 ಮೈಕ್ರೊಗ್ರಾಂ. ನಮ್ಮ ಕುಡಿಯುವ ನೀರಿನ ಮಾನದಂಡ ಒಪ್ಪುವುದು 1 ಮೈಕ್ರೊಗ್ರಾಂ ಮಾತ್ರ. ಮಿತಿಯ ಹತ್ತು ಪಟ್ಟು ಪಾದರಸವಿರುವ ನೀರೂ ಆ ಪರೀಕ್ಷೆಯಲ್ಲಿ ಪಾಸು! ರಸಾಯನಶಾಸ್ತ್ರವಾಗಿ ಅದು ಶ್ರೇಷ್ಠ. ನೀರು ಪರೀಕ್ಷೆಯಾಗಿ ಅಲ್ಲ. ಆಮೇಲೆ ಬಂದ ವಿಧಾನಗಳು ಈ ಅಂಕಿಯನ್ನು ಬಹಳ ಕೆಳಗಿಳಿಸಿವೆ, ಒಪ್ಪೋಣ. ಆದರೆ ಇಳಿಸಿದ್ದು ಹೆಚ್ಚಾಗಿ ಶುದ್ಧ ನೀರಿನಲ್ಲಿ, ಅಳೆದು ಬೆರೆಸಿದ ದ್ರಾವಣದಲ್ಲಿ.

ಬೋರ್‌ವೆಲ್ ನೀರು ಹಾಗಿರುವುದಿಲ್ಲ. ಕಣಗಳನ್ನು ದೂರದೂರ ಇಟ್ಟಿರುವುದು ಅವುಗಳ ಮೈಮೇಲಿನ ವಿದ್ಯುದಂಶ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ವಿಕರ್ಷಣೆಯನ್ನು ಕುಗ್ಗಿಸಿ, ವಿಷವಿಲ್ಲದಿದ್ದರೂ ಬಣ್ಣ ನೀಲಿಗೆ ತಿರುಗಿಸಬಲ್ಲವು. ಹಾಲಿನದು ಉಲ್ಟಾ ಕಥೆ: ಪ್ರೋಟೀನು ಕಣಕ್ಕೆ ಕವಚದಂತೆ ಅಂಟಿ, ಆಗಬೇಕಾದ ಬದಲಾವಣೆಯನ್ನೇ ತಡೆಯುತ್ತದೆ. ಹಾಗಾಗಿ ಮೊದಲು ಹಾಲನ್ನು ಒಡೆಸಿ, ಸೋಸಿ, ತಿಳಿಗೊಳಿಸಬೇಕು. ‘ಐದೇ ನಿಮಿಷದಲ್ಲಿ ಫಲಿತಾಂಶ’ ಎನ್ನುವಾಗ ಈ ಕೆಲಸ ಲೆಕ್ಕಕ್ಕೆ ಬರುವುದೇ ಇಲ್ಲ.

ಹಾಗಿದ್ದರೂ ಪ್ರಯೋಗಾಲಯದ ಹೊಸ್ತಿಲು ದಾಟಿ ಬಂದದ್ದೊಂದಿದೆ: ಡೇರಿಗಳ ಪರೀಕ್ಷಾ ಪಟ್ಟಿ. ಬೂಸ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿ ತಿಂದ ಹಸುವಿನ ಹಾಲಿಗೆ ಅಫ್ಲಾಟಾಕ್ಸಿನ್ ಎಂ1 ಎಂಬ ವಿಷ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಭಾರತದ ಮಿತಿ ಕಿಲೋಗೆ 0.5 ಮೈಕ್ರೊಗ್ರಾಂ, ಯುರೋಪಿನದು 0.05. ಪಟ್ಟಿಯ ಮೇಲೆ ಮೂಡುವ ಕೆಂಪು ಗೆರೆ ಚಿನ್ನದ ಕಣಗಳದೇ. ಈ ಪರೀಕ್ಷೆಯಲ್ಲಿ ಗೆರೆ ಮೂಡಿದರೆ ಹಾಲು ಸರಿ, ಮಾಸಿದರೆ ಅನುಮಾನ. ಗರ್ಭ ಪರೀಕ್ಷೆಯ ಪಟ್ಟಿ ನೋಡಿ ರೂಢಿಯಾದವರು ತಲೆಕೆಳಗಾಗಿ ಓದುವ ಅಪಾಯ ಇದ್ದೇ ಇದೆ. ಅಂದಹಾಗೆ, ಇದರಲ್ಲಿ ದುಬಾರಿ ಚಿನ್ನವಲ್ಲ, ಪ್ರತಿಕಾಯ. ಸೆಕೆಗೆ ಕೆಡುವುದೂ ಅದೇ.

ಈ ಪಟ್ಟಿ ಗೆದ್ದದ್ದು ತನ್ನ ಕೆಲಸವನ್ನು ಚಿಕ್ಕದಾಗಿ ಇಟ್ಟುಕೊಂಡಿದ್ದರಿಂದ. ಎಷ್ಟಿದೆ ಎಂದು ಅದು ಕರಾರುವಾಕ್ಕಾಗಿ ಹೇಳಹೊರಡುವುದಿಲ್ಲ; ಯಾವ ಟ್ಯಾಂಕರಿನ ಹಾಲನ್ನು ತಡೆದು ದೊಡ್ಡ ಯಂತ್ರಕ್ಕೆ ಕಳಿಸಬೇಕು ಎಂದಷ್ಟೇ ಹೇಳುತ್ತದೆ.

ಹಟ್ಟಿ ಚಿನ್ನದ ಗಣಿಯ ಸುತ್ತಿನ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದು ದಾಖಲಾಗಿದೆ. ಹೊಸ ಸೆನ್ಸರ್ ಪ್ರಕಟಿಸುವವರು ಶುದ್ಧ ನೀರಿನ ಅಂಕಿಯ ಪಕ್ಕದಲ್ಲೇ ಅಂಥದೊಂದು ಊರಿನ ಕೊಳವೆಬಾವಿಯ ಅಂಕಿಯನ್ನೂ ಕೊಡಲಿ.