ಎರಡನೇ ಉತ್ತರಕ್ಕೆ ಮೂರು ಅಂಕ

ತಂತ್ರಾಂಶ ವ್ಯವಸ್ಥೆಗಳ ಆರ್ಕಿಟೆಕ್ಟರಿಗಾಗಿ ಓಪನ್ ಗ್ರೂಪ್ ನಡೆಸುವ ಟೋಗಾಫ್ ಪರೀಕ್ಷೆಯ ಎರಡನೇ ಭಾಗದಲ್ಲಿ ಇರುವುದು ಎಂಟೇ ಪ್ರಶ್ನೆ. ಸಮಯ 90 ನಿಮಿಷ. ಪ್ರತಿ ಪ್ರಶ್ನೆಯೂ ಒಂದು ಪುಟ್ಟ ಕಥೆ. ಒಂದು ಕಂಪನಿ ಇನ್ನೊಂದನ್ನು ಕೊಂಡಿದೆ, ಎರಡರ ತಂತ್ರಾಂಶಗಳು ಒಂದಕ್ಕೊಂದು ಹೊಂದುತ್ತಿಲ್ಲ, ಮೇಲಿನವರಿಗೆ ಅವಸರ. ನೀವು ಆರ್ಕಿಟೆಕ್ಟ್, ಏನು ಮಾಡುತ್ತೀರಿ? ಕೆಳಗೆ ನಾಲ್ಕು ಉತ್ತರ. ಅತ್ಯುತ್ತಮವಾದದ್ದಕ್ಕೆ 5 ಅಂಕ, ಅದರ ನಂತರದ್ದಕ್ಕೆ 3, ಮೂರನೆಯದಕ್ಕೆ 1, ದಾರಿ ತಪ್ಪಿದ್ದಕ್ಕೆ ಸೊನ್ನೆ. ಒಟ್ಟು 40 ಅಂಕ. ತೇರ್ಗಡೆಗೆ ಶೇಕಡಾ 60, ಅಂದರೆ 24. ಮಗ್ಗಿ ನೆನಪಿದ್ದವರಿಗೆ ಲೆಕ್ಕ ತಟ್ಟನೆ ಹೊಳೆಯುತ್ತದೆ: ಎಂಟು ಮೂರ್ಲ ಇಪ್ಪತ್ನಾಲ್ಕು. ಎಂಟಕ್ಕೆ ಎಂಟೂ ಪ್ರಶ್ನೆಗೆ ಎರಡನೇ ದರ್ಜೆಯ ಉತ್ತರವನ್ನೇ ಆರಿಸಿದವನೂ ಪಾಸು.

ನಗು ಬರುವ ಮಾತೇ. ಆದರೂ ಈ ಪರೀಕ್ಷೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ. ಕಚೇರಿಯಲ್ಲಿ ಅತ್ಯುತ್ತಮ ಉತ್ತರ ಯಾರಿಗೆ ದಕ್ಕಿದೆ? ದುಡ್ಡು ಸಾಲದು, ದಿನ ಸಾಲದು, ಹತ್ತು ವರ್ಷದ ಹಳೇ ವ್ಯವಸ್ಥೆಯನ್ನು ಮುಟ್ಟುವ ಹಾಗಿಲ್ಲ. ಇದ್ದುದರಲ್ಲಿ ವಾಸಿ ಎನ್ನುವುದನ್ನು ಹುಡುಕಿಕೊಡುವುದೇ ಆರ್ಕಿಟೆಕ್ಟನ ಕೆಲಸ. ಸರಿ, ತಪ್ಪು ಎಂದು ಎರಡೇ ಖಾನೆ ಇಡದೆ ನಡುವಿನ ಉತ್ತರಕ್ಕೂ ಬೆಲೆ ಕಟ್ಟಿದವರಿಗೆ ಕಸುಬಿನ ಒಳಮರ್ಮ ಗೊತ್ತು.

ಈ ಪರೀಕ್ಷೆ ಬರೆಯುವವರು ಯಾರು? ಬೆಂಗಳೂರಿನ ಬಿಟಿಎಂ ಲೇಔಟಿನ ಪಿಜಿಗಳ ನಡುವೆ ಫಲಕ ತೂಗುಹಾಕಿರುವ ಕೋಚಿಂಗ್ ಸೆಂಟರುಗಳು ಕೆಲಸ ಹುಡುಕುವ ಹುಡುಗರಿಗೆ ಜಾವಾ, ಟೆಸ್ಟಿಂಗ್ ಕಲಿಸುತ್ತವೆ. ಈ ಪರೀಕ್ಷೆಯ ಗಿರಾಕಿಗಳು ಬೇರೆ. ಹದಿನೈದು ವರ್ಷ ಕೋಡ್ ಬರೆದವರು, ಜೆ.ಪಿ. ನಗರದ ಫ್ಲ್ಯಾಟಿಗೆ ಇಎಂಐ ಕಟ್ಟುತ್ತಿರುವವರು, ಮಕ್ಕಳು ಮಲಗಿದ ಮೇಲೆ ಊಟದ ಮೇಜಿನ ಮೇಲೆ ಪಿಡಿಎಫ್ ತೆರೆಯುವವರು. ಹೆಸರಿನ ಕೆಳಗಿನ ‘ಸೀನಿಯರ್’ ಹೋಗಿ ‘ಆರ್ಕಿಟೆಕ್ಟ್’ ಬರಬೇಕಾದರೆ ರೆಸ್ಯೂಮೆಗೆ ಒಂದು ಸಾಲು ಬೇಕು. ನಾನೂ ಹಾಗೆ ಕೂತವನೇ.

ಓದಿದ್ದು ದಂಡವಾಗಲಿಲ್ಲ. ಅಮೆರಿಕದ ರಕ್ಷಣಾ ಇಲಾಖೆಯ ಚೌಕಟ್ಟೊಂದರಿಂದ 1995ರಲ್ಲಿ ಹುಟ್ಟಿ, 2022ರಲ್ಲಿ ಹತ್ತನೇ ಆವೃತ್ತಿ ಕಂಡ ಟೋಗಾಫ್ ಕಲಿಸುವುದು ಒಂದು ಕ್ರಮವನ್ನು: ಮೊದಲು ವ್ಯವಹಾರ, ಆಮೇಲೆ ದತ್ತಾಂಶ ಮತ್ತು ಅಪ್ಲಿಕೇಶನ್, ಅದಾದ ಮೇಲೆ ತಂತ್ರಜ್ಞಾನ. ಜಯನಗರದ ಒಂದು ಮನೆಯ ಇ-ಖಾತೆಯನ್ನೇ ನೋಡಿ. ಆಸ್ತಿ ತೆರಿಗೆ, ಕ್ರಯಪತ್ರ, ಆಧಾರ್, ಬೆಸ್ಕಾಂ ಮೀಟರಿನ ಸಂಖ್ಯೆ, ಇವೆಲ್ಲ ಒಂದೇ ಮನೆಯವು ಎಂದು ಗಣಕ ಒಪ್ಪಬೇಕು. ಕ್ರಯಪತ್ರದಲ್ಲಿ ‘ವೆಂಕಟೇಶಯ್ಯ’ ಆಗಿರುವ ಯಜಮಾನರು ಆಧಾರಿನಲ್ಲಿ ‘ವೆಂಕಟೇಶ್’ ಆಗಿದ್ದರೆ ಎಷ್ಟೇ ವೇಗದ ಸರ್ವರ್ ತಂದಿಟ್ಟರೂ ಗಂಟು ಬಿಚ್ಚದು. ಯಾವ ದಾಖಲೆಯ ಹೆಸರನ್ನು ನಂಬಬೇಕೆಂದು ತೀರ್ಮಾನಿಸಬೇಕಾದದ್ದು ಆಡಳಿತ. ಯಂತ್ರದ ಮಾತು ಆಮೇಲಿನದು. ಕೋಡ್ ಬರೆಯುವ ಕೈಗೆ ಈ ತಾಳ್ಮೆ ತಾನಾಗಿ ಬರುವುದಿಲ್ಲ. ಪುಸ್ತಕ ಅದನ್ನು ರೂಢಿ ಮಾಡಿಸುತ್ತದೆ.

ಪುಸ್ತಕದಿಂದ ಪರೀಕ್ಷೆಗೆ ಬಂದರೆ ಕೊರತೆ ಕಾಣುತ್ತದೆ. ಮೊದಲ ಭಾಗದ 60 ನಿಮಿಷ, 40 ಪ್ರಶ್ನೆ ನೆನಪಿನ ಪರೀಕ್ಷೆ. ಯಾವ ಹಂತದಲ್ಲಿ ಯಾವ ಕಡತ ಹುಟ್ಟುತ್ತದೆ ಎಂದು ಉರು ಹೊಡೆದರೆ ಮುಗಿಯಿತು. ಎರಡನೆಯ ಭಾಗಕ್ಕೆ ಪುಸ್ತಕ ನೋಡಿ ಬರೆಯುವ ಅವಕಾಶವಿದೆ, ಒಳ್ಳೆಯದು. ಆದರೆ ನಾಲ್ಕು ದಾರಿಗಳನ್ನು ಬೇರೆ ಯಾರೋ ಆಗಲೇ ಹಾಕಿಟ್ಟಿರುತ್ತಾರೆ. ಇರದ ದಾರಿಯನ್ನು ಕಡಿಯುವ ಕಷ್ಟ ಅಭ್ಯರ್ಥಿಗಿಲ್ಲ. ಅಮೆಜಾನಿನ ಎಡಬ್ಲ್ಯೂಎಸ್ ಪ್ರೊಫೆಷನಲ್ ಆರ್ಕಿಟೆಕ್ಟ್ ಪರೀಕ್ಷೆ ಇದಕ್ಕಿಂತ ಬೆವರಿಳಿಸುತ್ತದೆ: ಮೂರು ಗಂಟೆ, 75 ಪ್ರಶ್ನೆ, ತೇರ್ಗಡೆಗೆ ಸಾವಿರಕ್ಕೆ 750, ಮೂರು ವರ್ಷಕ್ಕೊಮ್ಮೆ ನವೀಕರಣ. ಅಲ್ಲಿಯೂ ಆರಿಸುವುದೇ ಹೊರತು ಸಮರ್ಥಿಸುವುದಿಲ್ಲ.

ಬನಶಂಕರಿ ದಾಟಿ ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ್ ಕ್ಯಾಂಪಸ್ಸಿಗೆ ಹೋದರೆ ಇನ್ನೊಂದು ಬಗೆಯ ಆರ್ಕಿಟೆಕ್ಟರು ಸಿಗುತ್ತಾರೆ. ಇವರು ಕಲಿಯುವುದು ಇಟ್ಟಿಗೆ ಸಿಮೆಂಟಿನ ಕಟ್ಟಡವನ್ನು. ಐದು ವರ್ಷದ ಬಿ.ಆರ್ಕ್. ಓದಿನಲ್ಲಿ ಮತ್ತೆ ಮತ್ತೆ ಎದುರಾಗುವುದು ಜ್ಯೂರಿ. ನಕ್ಷೆಯ ಹಾಳೆಗಳನ್ನು ಗೋಡೆಗೆ ತಗುಲಿಸಿ ಪಕ್ಕದಲ್ಲಿ ನಿಲ್ಲಬೇಕು. ಮೆಟ್ಟಿಲು ಇಲ್ಲೇ ಯಾಕೆ? ಮಳೆನೀರು ಎಲ್ಲಿಗೆ? ಉತ್ತರ ನಾಲ್ಕರಲ್ಲಿ ಒಂದಲ್ಲ, ತಾನೇ ಹೆಣೆಯಬೇಕು. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಆರ್ಕಿಟೆಕ್ಚರ್ ಪರಿಷತ್ತಿನಲ್ಲಿ ನೋಂದಾಯಿಸಿದವರಷ್ಟೇ ಆ ಹೆಸರು ಇಟ್ಟುಕೊಳ್ಳಬಹುದು. ಕಾಯ್ದೆ ಕಾಯುವುದು ಹೆಸರನ್ನೇ ಹೊರತು ಕೆಲಸವನ್ನಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತು. ತಂತ್ರಾಂಶದ ನಮ್ಮ ಕಸುಬಿನಲ್ಲಿ ಹೆಸರಿಗೂ ಅಂಥ ಕಾವಲಿಲ್ಲ. ಆ ಖಾಲಿ ಪೀಠದಲ್ಲಿ ಸರ್ಟಿಫಿಕೇಟು ಕೂತಿದೆ.

ನನ್ನ ಸರ್ಟಿಫಿಕೇಟು ಬಂದ ಹೊಸದರಲ್ಲೇ ಒಂದು ಮೀಟಿಂಗಿನಲ್ಲಿ ದೊಡ್ಡ ನಕ್ಷೆಯೊಂದನ್ನು ಹರಡಿದೆ. ಟೋಗಾಫಿನ ಎ ಯಿಂದ ಎಚ್ ವರೆಗಿನ ಎಲ್ಲ ಹಂತ ಮುಟ್ಟಿದ್ದೆ. ರಾತ್ರಿ ಪಾಳಿ ನೋಡಿಕೊಳ್ಳುವ ಹಿರಿಯರೊಬ್ಬರು, ‘ಸಾರ್, ಈ ನಡುವಿನ ಪೆಟ್ಟಿಗೆ ರಾತ್ರಿ ಎರಡಕ್ಕೆ ನಿಂತರೆ ನಾನು ಯಾರಿಗೆ ಫೋನ್ ಮಾಡಲಿ?’ ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ನನ್ನ ಮೊದಲ ಜ್ಯೂರಿ ಅದು, ಪಾಸಾದ ಮೇಲೆ ನಡೆದದ್ದು.

ಇಂಥ ಪ್ರಶ್ನೆಯನ್ನು ಪರೀಕ್ಷೆಯೊಳಗೇ ಕೂರಿಸಲು ಆಗದು ಎನ್ನುವಂತಿಲ್ಲ. ಸನ್ ಕಂಪನಿಯ ಜಾವಾ ಎಂಟರ್‌ಪ್ರೈಸ್ ಆರ್ಕಿಟೆಕ್ಟ್ ಪರೀಕ್ಷೆಗೆ ಮೂರು ಮೆಟ್ಟಿಲಿದ್ದವು: ಮೊದಲು ಬಹು ಆಯ್ಕೆ, ಆಮೇಲೆ ಮನೆಯಲ್ಲಿ ಕೂತು ಒಂದು ವ್ಯವಸ್ಥೆಯ ಪೂರ್ತಿ ನಕ್ಷೆ, ಕೊನೆಗೆ ಆ ನಕ್ಷೆಯ ಬಗ್ಗೆಯೇ ಪ್ರಬಂಧ. ಬರೆಸಿಕೊಂಡು ತಂದವನು ಮೂರನೆಯದರಲ್ಲಿ ಎಡವುತ್ತಿದ್ದ. 2010ರಲ್ಲಿ ಸನ್ ಒರಾಕಲ್ ಪಾಲಾಯಿತು. ಆ ಪರೀಕ್ಷೆ ಈಗ ಇಲ್ಲ. ಸೇಲ್ಸ್‌ಫೋರ್ಸಿನ ಟೆಕ್ನಿಕಲ್ ಆರ್ಕಿಟೆಕ್ಟ್ ಪದವಿಗೆ ಈಗಲೂ ತೀರ್ಪುಗಾರರ ಎದುರು ನಿಂತು ಪರಿಹಾರ ಮಂಡಿಸಿ ಪ್ರಶ್ನೆಗೆ ಒಡ್ಡಿಕೊಳ್ಳಬೇಕು. ಆದರೆ ಅದು ಒಂದೇ ಕಂಪನಿಯ ಸರಕಿನೊಳಗಿನ ಪಾಂಡಿತ್ಯ.

ಟೋಗಾಫ್ ಪಠ್ಯಕ್ರಮವಾಗಿ ಗೆದ್ದಿದೆ, ಪುರಾವೆಯಾಗಿ ಸೋತಿದೆ. ಕಂಪನಿ ಶುಲ್ಕ ಕಟ್ಟುವುದಾದರೆ ಖಂಡಿತ ಬರೆಯಿರಿ. ಕೈಯಿಂದ ಕಟ್ಟುವುದಾದರೆ ಮೊದಲು ಪುಸ್ತಕ ಓದಿ, ರಾತ್ರಿ ಪಾಳಿಯವರ ಮುಂದೆ ನಿಮ್ಮ ನಕ್ಷೆ ಹರಡಿ. ದುಡ್ಡು, ದಿನ, ಹಳೇ ವ್ಯವಸ್ಥೆ ಎಲ್ಲವನ್ನೂ ತೂಗಿ ಎರಡನೇ ಉತ್ತರಕ್ಕೆ ಇಳಿದವನಿಗೂ 3 ಅಂಕ, ಕಣ್ಣು ಮುಚ್ಚಿ ಅದನ್ನೇ ಒತ್ತಿದವನಿಗೂ 3 ಅಂಕ. ‘ಯಾಕೆ?’ ಎಂದು ಒಮ್ಮೆ ಕೇಳಿದ್ದರೆ ಸಾಕಿತ್ತು, ಇಬ್ಬರೂ ಬೇರೆಯಾಗುತ್ತಿದ್ದರು.