ಸಿಂಥ್-ಪಾಪ್ ಧ್ವನಿಮುದ್ರಿಕೆಯ ಡಿಜಿಟಲೀಕರಣ: ಒಂದು ಪಾಠವಿಮರ್ಶೆ

ಹಳೆಯ ಧ್ವನಿಮುದ್ರಿಕೆಗಳ ಡಿಜಿಟಲೀಕರಣವನ್ನು ಸಾಮಾನ್ಯವಾಗಿ ತಂತ್ರಜ್ಞರ ಕೆಲಸವೆಂದೇ ಪರಿಗಣಿಸಲಾಗುತ್ತದೆ. ಅದು ಮೂಲತಃ ಗ್ರಂಥಸಂಪಾದನೆಯ ಕಾರ್ಯವೆಂಬುದು ಪ್ರಸ್ತುತ ಲೇಖನದ ನಿಲುವು. ಇದರ ಪರಿಶೀಲನೆಗೆ ಜಾನಪದದಿಂದ ಬಹುದೂರವಿರುವ ವಸ್ತುವೊಂದನ್ನು ಬೇಕೆಂದೇ ಆರಿಸಿಕೊಳ್ಳಲಾಗಿದೆ. ಅದು 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ 'ನ್ಯೂ ವೇವ್' ಎಂದು ಹೆಸರಾದ ಸಂಗೀತದ ಅಲೆಯೊಡನೆ ಬಂದ ಸಿಂಥ್-ಪಾಪ್ 'ಸಿಂಗಲ್', ಅಂದರೆ ಬದಿಗೊಂದು ಹಾಡಿರುವ, ನಿಮಿಷಕ್ಕೆ 45 ಸುತ್ತು ತಿರುಗುವ ಏಳು ಅಂಗುಲದ ವಿನೈಲ್ ತಟ್ಟೆ.

ಡೇನಿಯಲ್ ಮಿಲ್ಲರ್ ಅವರು 1978ರಲ್ಲಿ 'ದಿ ನಾರ್ಮಲ್' ಎಂಬ ಹೆಸರಿನಲ್ಲಿ ಹೊರತಂದ ತಟ್ಟೆ ಈ ಪ್ರಕಾರದ ಆದ್ಯ ಕೃತಿಗಳಲ್ಲೊಂದು. ಕೊರ್ಗ್ 700ಎಸ್ ಸಿಂಥಸೈಜರ್ ಹಾಗೂ ಒಂದು ಟೇಪ್ ರೆಕಾರ್ಡರ್ ಇಟ್ಟುಕೊಂಡು ಮನೆಯಲ್ಲಿಯೇ ಮುದ್ರಿಸಿ, 'ಮ್ಯೂಟ್' ಎಂಬ ಸ್ವಂತ ಲಾಂಛನದಲ್ಲಿ ಪ್ರಕಟಿಸಿದ್ದು. ಅದೇನೋ ಪ್ರಸಿದ್ಧವಾಯಿತು. ಅದೇ ದಾರಿಯಲ್ಲಿ ನಡೆದು, ಕೆಲವೇ ನೂರು ಪ್ರತಿಗಳನ್ನು ಒತ್ತಿಸಿ ಮರೆಯಾದವರು ಹಲವರು. ವೆರೋನಿಕಾ ವಸಿಕಾ ಅವರು 2005ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ 'ಮಿನಿಮಲ್ ವೇವ್' ಸಂಸ್ಥೆ ಇಂತಹವರ ಕೃತಿಗಳನ್ನು ಮತ್ತೆ ಬೆಳಕಿಗೆ ತಂದಿತು. ಮೂಲ ಟೇಪು ಕಳೆದುಹೋದ ಕಡೆ ಉಳಿದ ತಟ್ಟೆಯೇ ಹಸ್ತಪ್ರತಿ.

ಹಸ್ತಪ್ರತಿಗೆ ಗೆದ್ದಲು ಹೇಗೋ ತಟ್ಟೆಗೆ ಗೀರು ಹಾಗೆ. ಮುಳ್ಳು ಗೀರನ್ನು ದಾಟುವಾಗ ಕೇಳುವ 'ಟಿಕ್' ಸದ್ದನ್ನು ತಂತ್ರಾಂಶವು ಗುರುತಿಸುವುದು ಅದರ ಹಠಾತ್ ಏರಿಳಿತದಿಂದ. ಕಂಠದಲ್ಲಾಗಲಿ ಪಿಟೀಲಿನ ನಾದದಲ್ಲಾಗಲಿ ಅಂತಹ ಏರಿಳಿತ ವಿರಳ. ಸಿಂಥ್-ಪಾಪ್‌ನಲ್ಲಾದರೋ ತಾಳವೇ ವಿದ್ಯುತ್ತಿನಿಂದ ಹುಟ್ಟಿದ ಮೊನಚು ಸದ್ದು. ಚರ್ಮವಾದ್ಯದ ಸ್ಥಾನದಲ್ಲಿ, ಸ್ವರವಿಲ್ಲದ 'ಸುಯ್' ಸದ್ದನ್ನು ಕ್ಷಣಾರ್ಧಕ್ಕೆ ಕತ್ತರಿಸಿ ಮಾಡಿದ ಪೆಟ್ಟು. ತಂತ್ರಾಂಶದ ಕಿವಿಗೆ ಇದೂ ಗೀರೇ. ಶುದ್ಧೀಕರಣವನ್ನು ಹೆಚ್ಚಿಸಿದಷ್ಟೂ ತಾಳ ಮೊಂಡಾಗುತ್ತದೆ. ತೆಗೆದುಹಾಕಿದ ಸದ್ದನ್ನಷ್ಟೇ ಪ್ರತ್ಯೇಕವಾಗಿ ಕೇಳುವ ಸೌಲಭ್ಯ ಇಂದಿನ ಹಲವು ತಂತ್ರಾಂಶಗಳಲ್ಲಿದೆ. ಆ ಕಸದೊಳಗೆ ಹಾಡಿನ ಲಯ ಕೇಳಿಬಂದರೆ ಸಂಪಾದಕ ಮೂಲವನ್ನೇ ತಿದ್ದಿದ್ದಾನೆಂದು ತಿಳಿಯಬೇಕು. ಆಡುಮಾತಿನ ರೂಪವನ್ನು ಲಿಪಿಕಾರನ ದೋಷವೆಂದು ಬಗೆದು ಶಿಷ್ಟಗೊಳಿಸಿದ ಪಾಠಗಳನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ.

ಶ್ರುತಿಯ ಪ್ರಶ್ನೆ ಇನ್ನೂ ಸೂಕ್ಷ್ಮ. ನಡುವಿನ ರಂಧ್ರ ಕೊಂಚ ಪಕ್ಕಕ್ಕೆ ಸರಿದಿದ್ದರೂ ಸುತ್ತುಸುತ್ತಿಗೆ ಸ್ವರ ಏರಿಳಿಯುತ್ತದೆ. ಸಿಂಥಸೈಜರಿನ ನೀಳ ಸ್ವರದಲ್ಲಿ ಇದು ಎದ್ದು ಕೇಳುತ್ತದೆ. ತಟ್ಟೆಯನ್ನು ಸರಿಯಾಗಿ ಕೂರಿಸಿ ಇದನ್ನು ನಿವಾರಿಸುವುದು ನ್ಯಾಯವೇ. ಆದರೆ ಇಡೀ ಹಾಡು 440 ಹರ್ಟ್ಸ್ ಶ್ರುತಿಮಾನಕ್ಕೆ ಹೊಂದುತ್ತಿಲ್ಲವೆಂದು ವೇಗವನ್ನೇ ಬದಲಿಸುವುದು ಬೇರೆ ಮಾತು. ಆ ಕಾಲದ ಅನಲಾಗ್ ವಾದ್ಯಗಳ ಶ್ರುತಿ ಉಷ್ಣತೆಗೆ ತಕ್ಕಂತೆ ಜರುಗುತ್ತಿತ್ತು. ಆ ಜರುಗುವಿಕೆ ಕೃತಿಯದೇ ಗುಣ. ತಂಬೂರಿ ಪದದ ಶ್ರುತಿಯನ್ನು ಹಾರ್ಮೋನಿಯಂಗೆ ಹೊಂದಿಸಿ 'ಸರಿಪಡಿಸಿದ' ಧ್ವನಿಸುರುಳಿಯನ್ನು ಯಾವ ಕ್ಷೇತ್ರತಜ್ಞನೂ ಆಕರವೆಂದು ಒಪ್ಪಲಾರ.

ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘವಾದ ಐಎಎಸ್ಎ 2004ರ ಮಾರ್ಗಸೂಚಿಯಲ್ಲಿ 24 ಬಿಟ್ ಹಾಗೂ ಕನಿಷ್ಠ 48 ಕಿಲೋಹರ್ಟ್ಸ್ ಮಟ್ಟವನ್ನು ಶಿಫಾರಸು ಮಾಡಿದೆ. ಸಂರಕ್ಷಣಾ ಪ್ರತಿಯಲ್ಲಿ ಸದ್ದು ತೆಗೆಯುವಂತಹ ಸುಧಾರಣೆ ಕೂಡದೆಂಬುದೂ ಅದರ ತತ್ತ್ವ. ಮೊದಲನೆಯ ಅಂಶವನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಎರಡನೆಯದು ಮರೆತುಹೋಗುತ್ತದೆ. ಅಂಕಿಗಳನ್ನು ಪಾಲಿಸುವುದು ಸುಲಭವಲ್ಲವೆ?

ಕಡತದಲ್ಲಿ ನಷ್ಟವಾಗುವುದು ಧ್ವನಿ ಮಾತ್ರವಲ್ಲ. ಮಿಲ್ಲರ್ ಅವರ ತಟ್ಟೆಯ ಮುಂಬದಿ 'ಟಿ.ವಿ.ಓ.ಡಿ.', ಆದರೆ ಹೆಸರಾದದ್ದು ಹಿಂಬದಿಯ 'ವಾರ್ಮ್ ಲೆದರೆಟ್'. 1980ರಲ್ಲಿ ಗ್ರೇಸ್ ಜೋನ್ಸ್ ಅದನ್ನು ತಮ್ಮದೇ ರೀತಿಯಲ್ಲಿ ಹಾಡಿದರು. ಎರಡು ಬಿಡಿ ಕಡತಗಳಾದಾಗ ಈ ಹಿಂದು-ಮುಂದಿನ ಚರಿತ್ರೆ ಅಳಿಸಿಹೋಗುತ್ತದೆ. ಹಾಡು ಮುಗಿದ ಮೇಲಿನ ಖಾಲಿ ವಲಯದಲ್ಲಿ ಕೊರೆದ ಅಂಕಿ-ಅಕ್ಷರಗಳು ಪ್ರತಿ ಯಾವ ಒತ್ತುವಿಕೆಗೆ ಸೇರಿದ್ದೆಂದು ತಿಳಿಯಲು ನೆರವಾಗುವ ಪುಷ್ಪಿಕೆಯಂತಿವೆ. ಅವುಗಳಿಗೆ ಧ್ವನಿಯಿಲ್ಲ. ಛಾಯಾಚಿತ್ರ ತೆಗೆದು ಧ್ವನಿಕಡತದೊಡನೆ ಇರಿಸದಿದ್ದರೆ ಅವು ಗ್ರಂಥಾಲಯದ ಸೂಚಿಯನ್ನು ಸೇರುವುದೇ ಇಲ್ಲ.